ಹೊರಡದ ಹಡಗಿನ ಲೆಕ್ಕ

ಗೋವಾಕ್ಕೆ ಹೋಗಲು ಹುಬ್ಬಳ್ಳಿಯವರು ಮುಂಬೈಗೆ ಹೋಗಬೇಕೆ? ನಾವು ಹಾಗೆ ಹೊರಟಿದ್ದೆವು. ಈ ಕಥೆ ಹೇಳಿದಾಗಲೆಲ್ಲ ನಮ್ಮ ಓಣಿಯವರು ನಗುತ್ತಾರೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಲೋಂಡಾ ದಾಟಿ, ದೂಧ್‌ಸಾಗರ ನೋಡಿಕೊಂಡು ಕೆಲವೇ ತಾಸುಗಳಲ್ಲಿ ಗೋವಾ ಸೇರಬಹುದು. ಆದರೆ ಅವ್ವನಿಗೆ ಬೇಕಾಗಿದ್ದುದು ಗೋವಾ ಅಲ್ಲ, ಸಮುದ್ರದ ನಡುವೆ ಕಳೆಯುವ ಒಂದು ರಾತ್ರಿ. ಎಷ್ಟೋ ವರ್ಷದ ಹಿಂದೆ ಗೋಕರ್ಣದ ದಂಡೆಯಲ್ಲಿ ನಿಂತು ದೂರದ ಹಡಗಿನ ದೀಪ ನೋಡುತ್ತ, ‘ಅಲ್ಲಿಂದ ನೋಡಿದ್ರ ನಾವು ಹೆಂಗ ಕಾಣಸ್ತೀವೋ’ ಅಂದಿದ್ದಳು. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು.

ಬಿ.ಕಾಂ. ಮುಗಿಸಿ ಹದಿನಾಲ್ಕು ತಿಂಗಳು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದೆ. ಸಂಬಳದಲ್ಲಿ ಉಳಿಸಿದ್ದ ದುಡ್ಡಿನಲ್ಲಿ ಅಪ್ಪ-ಅವ್ವನ ಮದುವೆಯ 25ನೇ ವರ್ಷಕ್ಕೆಂದು ಮೂವರಿಗೂ ಹಡಗಿನ ಟಿಕೆಟ್ ಮಾಡಿಸಿದೆ. ಮುಂಬೈಯಿಂದ ಹೊರಟು ಗೋವಾ ಮುಟ್ಟಿ ಮತ್ತೆ ಮುಂಬೈಗೆ ಬರುವ ಮೂರು ರಾತ್ರಿಗಳ ಪ್ರವಾಸ. ಒಟ್ಟು 78,600 ರೂಪಾಯಿ. ಅಪ್ಪ ತಮ್ಮ ಝೆರಾಕ್ಸ್ ಅಂಗಡಿಗೆ ಐದು ದಿನ ಬೀಗ ಹಾಕಿದರು. ಅಷ್ಟು ದಿನ ಒಟ್ಟಿಗೆ ಆ ಅಂಗಡಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ರೈಲು ಬೆಳಗಾವಿ ದಾಟಿದ ಮೇಲೆ ಮೊಬೈಲಿಗೆ ಸಂದೇಶ ಬಂತು. ತಾಂತ್ರಿಕ ಕಾರಣದಿಂದ ನಾಳಿನ ಪ್ರಯಾಣ ರದ್ದಾಗಿದೆ. ಕಟ್ಟಿದ ಹಣವನ್ನು ಮುಂದಿನ 12 ತಿಂಗಳಲ್ಲಿ ಬಳಸಬಹುದಾದ ವೋಚರ್ ಆಗಿ ಜಮೆ ಮಾಡುತ್ತೇವೆ ಎಂದಿತ್ತು. ಅವ್ವ ಮಲಗಿದ್ದಳು. ನಾನು ಎಬ್ಬಿಸಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಧ್ವನಿಮುದ್ರಣ ಹೇಳುತ್ತಲೇ ಇತ್ತು. ಬೆಳಿಗ್ಗೆ ಮುಂಬೈಯಲ್ಲಿ ಇಳಿದ ಮೇಲೆ ಹೇಳಿದೆ. ಲಾಡ್ಜ್ ಹಿಡಿದು, ಸಂಜೆ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಹೋಗಿ ತಡೆಗೋಡೆಗೆ ಒರಗಿ ನಿಂತೆವು. ‘ಸಮುದ್ರ ಅಂತೂ ನೋಡಿದ್ವಲ್ಲವಾ’ ಎಂದು ಅವ್ವ ನನ್ನನ್ನೇ ಸಮಾಧಾನ ಮಾಡಿದಳು. ಮರುದಿನ ಬಸ್ಸಿನಲ್ಲಿ ವಾಪಸ್ ಬಂದೆವು.

ಇಲ್ಲಿಯವರೆಗಿನದು ನಮ್ಮ ಮನೆಯ ಬೇಸರ. ನಾನು ಬರೆಯಬೇಕೆಂದಿರುವುದು ಅದರ ನಂತರದ ಎಂಟು ತಿಂಗಳ ಬಗ್ಗೆ. ಏಕೆಂದರೆ ಹಡಗು ಹತ್ತದವರಿಗೂ ಈ ಅನುಭವ ಬೇರೆ ರೂಪದಲ್ಲಿ ಬಂದೇ ಇರುತ್ತದೆ. ಮುಂಗಡ ಕಟ್ಟಿದ ಮೇಲೆ ಬ್ಯಾಚ್ ಶುರು ಮಾಡದ ಕೋಚಿಂಗ್ ಸೆಂಟರ್ ಇರಬಹುದು, ಡಿಪಾಸಿಟ್ ಮರಳಿಸದ ಪಿ.ಜಿ. ಇರಬಹುದು. ಎಲ್ಲ ಕಡೆ ನಾವು ಕೇಳುವ ಉತ್ತರ ಒಂದೇ: ‘ನಮ್ಮ ರೂಲ್ಸ್ ಹಾಗಿದೆ.’

ಮೊದಲು ವೋಚರಿನ ಮಾತು. ಹಡಗು ಹೊರಡದಿದ್ದುದಕ್ಕೆ ನನಗೆ ಸಿಟ್ಟಿಲ್ಲ. ಯಂತ್ರ ಕೆಟ್ಟಿರಬಹುದು, ಹವಾಮಾನ ಕೆಟ್ಟಿರಬಹುದು. ಕೆಟ್ಟ ಹಡಗನ್ನು ಸಮುದ್ರಕ್ಕೆ ಇಳಿಸುವುದಕ್ಕಿಂತ ದಕ್ಕೆಯಲ್ಲೇ ನಿಲ್ಲಿಸುವುದು ಒಳ್ಳೆಯದು. ಆದರೆ ಹಡಗು ನಿಂತಿತೆಂದು ನನ್ನ ಹಣ ಏಕೆ ನಿಲ್ಲಬೇಕು? ನಾವು ಊರಿಗೆ ಮರಳಿದ ವಾರದಲ್ಲೇ ನನ್ನ ಗುತ್ತಿಗೆ ಮುಗಿಯಿತು, ನವೀಕರಣವಾಗಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಸೇರಬೇಕಿತ್ತು. ಕೋಚಿಂಗ್ ಸೆಂಟರಿನ ಕೌಂಟರಿನಲ್ಲಿ ವೋಚರ್ ಕೊಟ್ಟರೆ ತೆಗೆದುಕೊಳ್ಳುತ್ತಾರೆಯೇ? ವೋಚರ್ ಎಂದರೆ ಆ ಒಂದೇ ಅಂಗಡಿಯಲ್ಲಿ, ಅವರು ಹೇಳಿದ ದಿನದೊಳಗೆ, ಅವರು ಹೇಳಿದ ದರಕ್ಕೆ ನಡೆಯುವ ಹಣ. ಸರಿಯಾಗಿ ನೋಡಿದರೆ, ಅದು ನಾನು ಕಂಪನಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ. ಸಾಲ ಕೊಡುತ್ತೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಬೇರೆ ಕಡೆ ಹೀಗಿಲ್ಲ. ರೈಲ್ವೆಯೇ ರೈಲು ರದ್ದು ಮಾಡಿದರೆ ಇ-ಟಿಕೆಟ್‌ನ ಪೂರ್ತಿ ಹಣ ನಾವು ಅರ್ಜಿ ಹಾಕದೆಯೇ ಖಾತೆಗೆ ಬರುತ್ತದೆ. ವಿಮಾನದ ಟಿಕೆಟ್ ಹಣವನ್ನು ‘ಕ್ರೆಡಿಟ್ ಶೆಲ್’ನಲ್ಲಿ ಇಡಬೇಕೋ ಬೇಡವೋ ಎಂಬ ಆಯ್ಕೆ ಪ್ರಯಾಣಿಕರದ್ದೇ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಹೇಳುತ್ತದೆ. ಯುರೋಪಿನ ಒಕ್ಕೂಟದಲ್ಲಿ ಪ್ಯಾಕೇಜ್ ಪ್ರವಾಸ ರದ್ದಾದರೆ 14 ದಿನದೊಳಗೆ ಹಣ ಮರಳಿಸಬೇಕೆಂಬ ಕಾನೂನಿದೆ. ರೈಲಿಗೆ, ವಿಮಾನಕ್ಕೆ ಇರುವ ಈ ಸರಳ ನ್ಯಾಯ ನನ್ನ ಹಡಗಿಗೆ ಮಾತ್ರ ತಾನಾಗಿ ಬರಲಿಲ್ಲ. ಕೇಳಿ ಪಡೆಯಬೇಕಾಯಿತು.

ಕೇಳುವುದಕ್ಕೂ ಮನೆಯಲ್ಲಿ ಮೊದಲು ಒಪ್ಪಿಗೆ ಬೇಕಿತ್ತು. ‘ಹೋಗ್ಲಿ ಬಿಡವಾ, ದೊಡ್ಡ ಕಂಪನಿಯವರ ಕೂಡ ನಾವೆಲ್ಲಿ ಜಗಳಾ ಆಡೂದು?’ ಅಂದರು ಅಪ್ಪ. ದಿನವಿಡೀ ಒಂದೊಂದು ಪುಟಕ್ಕೆ ಒಂದು-ಎರಡು ರೂಪಾಯಿಯ ಲೆಕ್ಕ ಹಾಕುವ ಮನುಷ್ಯ 78,600 ರೂಪಾಯಿಯನ್ನು ‘ಹೋಗ್ಲಿ ಬಿಡು’ ಎನ್ನುತ್ತಿದ್ದರು! ಅದು ಉದಾರತನವಲ್ಲ, ಭಯ ಎಂದು ನನಗೆ ಆಮೇಲೆ ಅರ್ಥವಾಯಿತು. ನಮ್ಮಂಥ ಮನೆಗಳಲ್ಲಿ ಕಚೇರಿ, ಕೋರ್ಟು, ವಕೀಲ ಎಂದರೆ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುವ ದಾರಿ ಎಂಬ ನಂಬಿಕೆ ಇದೆ.

ಟಿಕೆಟ್ ಮಾಡಿಸಿದ ಏಜೆಂಟರು, ‘ನಮ್ಮ ಕೈಯಲ್ಲಿ ಏನೂ ಇಲ್ಲ, ಕಂಪನಿಯನ್ನು ಕೇಳಿ’ ಎಂದರು. ಕಂಪನಿಯವರು, ‘ಏಜೆಂಟರನ್ನು ಕೇಳಿ’ ಎಂದರು. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಈ ಸಹಾಯವಾಣಿ ನ್ಯಾಯಾಲಯವಲ್ಲ. ಅದು ನಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ, ಹಣ ಕೊಡಿ ಎಂದು ಆದೇಶ ಮಾಡಲಾಗದು. ಆದರೂ ಅಲ್ಲಿಯವರೆಗೆ ನನ್ನ ಆರು ಇಮೇಲ್‌ಗಳಿಗೆ ಉತ್ತರ ಕೊಡದವರು ಹತ್ತು ದಿನದಲ್ಲಿ ಫೋನ್ ಮಾಡಿದರು. ಅರ್ಧ ಹಣ ನಗದು, ಅರ್ಧ ವೋಚರ್ ಎಂದರು. ಒಪ್ಪಲಿಲ್ಲ.

ಒಪ್ಪದಿರುವುದು ಸುಲಭ. ಹಾಗಾದರೆ ಎಷ್ಟು ಬೇಕು ಎಂದು ಹೇಳುವುದು ಕಷ್ಟ. ನಾನು ಎಡವಿದ್ದು ಅಲ್ಲೇ.

ಸಿಟ್ಟಿನಲ್ಲಿ ಕುಳಿತು ಒಂದು ದೂರು ಬರೆದೆ. ಟಿಕೆಟ್ ಹಣದ ಜೊತೆಗೆ ‘ಮಾನಸಿಕ ಹಿಂಸೆ’ಗೆ 5 ಲಕ್ಷ ರೂಪಾಯಿ ಕೊಡಿಸಬೇಕು ಎಂದು ಬೇಡಿಕೆ ಇಟ್ಟೆ. ಅದನ್ನು ತೆಗೆದುಕೊಂಡು, ಪದವಿಯಲ್ಲಿ ನಮಗೆ ಬ್ಯುಸಿನೆಸ್ ಲಾ ಹೇಳಿಕೊಟ್ಟ ಮೇಡಂ ಹತ್ತಿರ ಹೋದೆ. ಅವರು ಪೂರ್ತಿ ಓದಿ ಕನ್ನಡಕ ತೆಗೆದಿಟ್ಟು ಕೇಳಿದರು: ‘ಐದು ಲಕ್ಷ ಅಂತ ಬರದೀ. ಲೆಕ್ಕ ಎಲ್ಲೈತಿ?’

ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಹದಿನಾಲ್ಕು ತಿಂಗಳು ಬೇರೆಯವರ ವೋಚರು-ಬಿಲ್ಲು ತಾಳೆ ನೋಡಿದವಳು ನನ್ನ ಸ್ವಂತ ಲೆಕ್ಕಕ್ಕೆ ಒಂದು ಬಿಲ್ಲೂ ಇಲ್ಲದೆ ಅಂಕಿ ಬರೆದಿದ್ದೆ.

ಮೇಡಂ ಅವತ್ತು ನನಗೆ ಮತ್ತೆ ಪಾಠ ಮಾಡಿದರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ನನಗೆ ನಿಜವಾಗಿ ತಿಳಿದದ್ದು ಆ ಸಂಜೆ. ಕರಾರು ಮುರಿದವರು ಅದರಿಂದ ಸಹಜವಾಗಿ ಆದ ನಷ್ಟ ತುಂಬಿಕೊಡಬೇಕು. ದೂರದ, ಎಳೆದು ತಂದ ನಷ್ಟಕ್ಕೆ ಹೊಣೆಯಲ್ಲ. ಯಾರ ತಪ್ಪೂ ಇಲ್ಲದೆ ಕರಾರು ನಡೆಸಲಾಗದಂತಾದರೂ, ಪಡೆದದ್ದನ್ನು ಮರಳಿಸಬೇಕೆಂದು 65ನೇ ಕಲಂ ಹೇಳುತ್ತದೆ. ಅಂದರೆ ಚಂಡಮಾರುತ ಬಂದು ಹಡಗು ನಿಂತಿದ್ದರೂ ಟಿಕೆಟ್ ಹಣ ನಮ್ಮದೇ. ಮರುಪಾವತಿ ಬೇರೆ, ಪರಿಹಾರ ಬೇರೆ. ಮೊದಲನೆಯದು ನಾವು ಕೊಟ್ಟದ್ದು ವಾಪಸ್ ಬರುವುದು. ಎರಡನೆಯದು ಅವರಿಂದಾದ ನಷ್ಟಕ್ಕೆ ಅವರು ಕೊಡುವುದು. ಕಂಪನಿಗಳು ಇವೆರಡನ್ನೂ ಕಲಸಿ, ನಮ್ಮದೇ ಹಣ ಮರಳಿಸುವುದನ್ನು ಉಪಕಾರದಂತೆ ತೋರಿಸುತ್ತವೆ.

ಹಾಗಾದರೆ ಬೇಸರಕ್ಕೆ ಬೆಲೆಯೇ ಇಲ್ಲವೇ? ಇದೆ. ಮೇಡಂ ಹೇಳಿದ ಇಂಗ್ಲೆಂಡಿನ ಒಂದು ಪ್ರಕರಣ ಕಾನೂನು ಓದುವ ಹುಡುಗರಿಗೆಲ್ಲ ಗೊತ್ತು: ಜಾರ್ವಿಸ್ ಮತ್ತು ಸ್ವಾನ್ಸ್ ಟೂರ್ಸ್ ನಡುವಿನದು. ಸ್ವಿಟ್ಜರ್‌ಲೆಂಡಿನಲ್ಲಿ ಪಾರ್ಟಿಯಂಥ ಎರಡು ವಾರ ಎಂಬ ಜಾಹೀರಾತು ನಂಬಿ ಜಾರ್ವಿಸ್ 63.45 ಪೌಂಡ್ ಕಟ್ಟಿ ಹೋದರು. ಎರಡನೇ ವಾರ ಆ ಹೋಟೆಲಿನಲ್ಲಿ ಅತಿಥಿ ಅವರೊಬ್ಬರೇ. ಕೆಳಗಿನ ನ್ಯಾಯಾಲಯ ಅರ್ಧ ಹಣ ಕೊಡಿಸಿತು. ಲಾರ್ಡ್ ಡೆನ್ನಿಂಗ್ ಇದ್ದ ಮೇಲ್ಮನವಿ ಪೀಠ ಅದನ್ನು 125 ಪೌಂಡ್‌ಗೆ ಏರಿಸಿತು. ಪ್ರವಾಸದ ಕರಾರಿನಲ್ಲಿ ಮಾರಾಟವಾಗುವುದೇ ಸಂತೋಷ. ಅದು ಸಿಗದಿದ್ದರೆ ಆ ನಿರಾಶೆಯೂ ನಷ್ಟವೇ ಎಂಬುದು ಅದರ ತಿರುಳು.

ಹಡಗಿನದೇ ಉದಾಹರಣೆಗಳೂ ಇವೆ. 2013ರಲ್ಲಿ ಯುರೋಪಿನ ನದಿಗಳಲ್ಲಿ ಪ್ರವಾಹ ಬಂದು, ಐಷಾರಾಮಿ ನದಿ ಪ್ರವಾಸಕ್ಕೆ ಹಣ ಕಟ್ಟಿದ್ದ ಆಸ್ಟ್ರೇಲಿಯಾದ ಪ್ರಯಾಣಿಕರು ಬಹುಪಾಲು ಬಸ್ಸಿನಲ್ಲಿ ಅಲೆಯಬೇಕಾಯಿತು. ಅವರಲ್ಲೊಬ್ಬರು ಪ್ರವಾಸ ಸಂಸ್ಥೆಯ ವಿರುದ್ಧ ಹೂಡಿದ ದಾವೆ ಅಲ್ಲಿನ ಹೈಕೋರ್ಟ್‌ವರೆಗೆ ಹೋಯಿತು. ಅದು ಆ ದೇಶದ ಅತ್ಯುನ್ನತ ನ್ಯಾಯಾಲಯ. ನಿರಾಶೆಗೂ ಪರಿಹಾರ ಕೇಳಬಹುದೆಂದು 2020ರಲ್ಲಿ ಅದು ತೀರ್ಪು ಕೊಟ್ಟಿತು.

ಅದೇ ನ್ಯಾಯಾಲಯದ 1993ರ ಇನ್ನೊಂದು ತೀರ್ಪು ನನ್ನ ಕಣ್ಣು ತೆರೆಸಿತು. 1986ರಲ್ಲಿ ‘ಮಿಖಾಯಿಲ್ ಲೆರ್ಮಂತೋವ್’ ಎಂಬ ಪ್ರವಾಸಿ ಹಡಗು ನ್ಯೂಜಿಲೆಂಡ್ ಹತ್ತಿರ ಮುಳುಗಿತು. ಬದುಕುಳಿದ ಒಬ್ಬ ಮಹಿಳೆ ಪರಿಹಾರದ ಜೊತೆಗೆ ಪೂರ್ತಿ ಟಿಕೆಟ್ ಹಣವನ್ನೂ ಕೇಳಿದರು. ನಿರಾಶೆ, ಸಂಕಟಗಳಿಗೆ ಪರಿಹಾರ ಸರಿ; ಆದರೆ 14 ದಿನದ ಪ್ರವಾಸದಲ್ಲಿ 8 ದಿನ ಅವರು ಚೆನ್ನಾಗಿ ಕಳೆದಿದ್ದರು, ಆ ದಿನಗಳ ಹಣ ಮರಳಿ ಬರುವುದಿಲ್ಲ ಎಂದಿತು ನ್ಯಾಯಾಲಯ. ಹಡಗೇ ಮುಳುಗಿದರೂ ಲೆಕ್ಕ ಮುಳುಗುವುದಿಲ್ಲ! ನ್ಯಾಯದ ತಕ್ಕಡಿ ಕಂಪನಿಯ ಕಡೆಗೆ ವಾಲಬಾರದು, ನಮ್ಮ ಕಡೆಗೂ ವಾಲಬಾರದು.

ಮನೆಗೆ ಬಂದು ಹೊಸ ಹಾಳೆ ತೆಗೆದುಕೊಂಡೆ. ಟಿಕೆಟ್ 78,600. ಹೋಗುವ ರೈಲಿಗೆ 3,390. ಲಾಡ್ಜಿಗೆ 2,400. ವಾಪಸ್ ಬಸ್ಸಿಗೆ 3,900. ಮರಳುವ ರೈಲಿನ ಟಿಕೆಟ್ ರದ್ದು ಮಾಡಿದ್ದಕ್ಕೆ ಕಡಿತವಾದದ್ದು 540. ಪ್ರಯಾಣಕ್ಕೆಂದು ಕೊಂಡ ಸೂಟ್‌ಕೇಸನ್ನು ಬಿಟ್ಟೆ, ಅದು ಇನ್ನೂ ಮನೆಯಲ್ಲೇ ಇದೆ. ಅವ್ವನ ಹೊಸ ಸೀರೆ ಬಿಟ್ಟೆ, ಉಟ್ಟಿದ್ದಾಳೆ. ಮುಂಬೈಯಲ್ಲಿ ಉಂಡ ಊಟ ಬಿಟ್ಟೆ, ಊರಲ್ಲಿದ್ದರೂ ಉಣ್ಣುತ್ತಿದ್ದೆವು. ಅಪ್ಪನ ಅಂಗಡಿ ಮುಚ್ಚಿದ ದಿನಗಳ ಗಳಿಕೆಗೆ ದಾಖಲೆ ಇರಲಿಲ್ಲ, ಅದನ್ನು ಬೇಸರದಿಂದಲೇ ಬಿಟ್ಟೆ. ಟಿಕೆಟ್ ಹಣಕ್ಕೆ ಶೇ 9ರ ಬಡ್ಡಿ, ನಿರಾಶೆಗೆ 20,000, ದೂರಿನ ಖರ್ಚಿಗೆ 3,000 ಎಂದು ಬರೆದೆ. ಹಾಳೆ ನೋಡಿದ ಅಪ್ಪನ ಮುಖ ಬದಲಾಯಿತು. ‘ಇದು ಜಗಳಲ್ಲವಾ, ಬಿಲ್ಲು’ ಅಂದರು. ಬಿಲ್ಲು ಕೊಡುವುದರಲ್ಲಿ ಅವರಿಗೆ ಯಾವ ಭಯವೂ ಇರಲಿಲ್ಲ. ಸಂದೇಶದ ಪ್ರಿಂಟ್, ಟಿಕೆಟ್, ರಸೀದಿ, ಇಮೇಲ್ ಎಲ್ಲವನ್ನೂ ತಾವೇ ಪ್ರತಿ ತೆಗೆದು, ಪುಟಸಂಖ್ಯೆ ಹಾಕಿ, ಮೂರು ಸೆಟ್ ಮಾಡಿ ಕೊಟ್ಟರು.

ಕಾನೂನಿನ ದಾರಿ ನಾನು ಹೆದರಿದಷ್ಟು ದುಬಾರಿಯೂ ಇರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ಸೇವೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ನಮ್ಮ ವಾದ ನಾವೇ ಹೇಳಬಹುದು. ‘ಇ-ಜಾಗೃತಿ’ ಪೋರ್ಟಲ್ ಮೂಲಕ ಮನೆಯಲ್ಲೇ ಕುಳಿತು ದೂರು ಸಲ್ಲಿಸಬಹುದು. ನೋಟಿಸು ತಲುಪಿದ ಕಂಪನಿ 30 ದಿನದಲ್ಲಿ ಉತ್ತರ ಕೊಡಬೇಕು; ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಆ 45 ದಿನದ ಮಿತಿಯನ್ನು ಮತ್ತೆ ಹಿಗ್ಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ಕಂಪನಿಯ ಉತ್ತರದಲ್ಲಿ ಮತ್ತೆ ಅದೇ ರಾಗ: ಟಿಕೆಟ್ ಮಾಡಿಸುವಾಗ ‘ಷರತ್ತುಗಳನ್ನು ಒಪ್ಪಿದ್ದೇನೆ’ ಎಂಬಲ್ಲಿ ದೂರುದಾರರು ಗುರುತು ಹಾಕಿದ್ದಾರೆ. ಹಾಕಿದ್ದೆ, ನಿಜ. ಹಾಕದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲವಲ್ಲ! ಬೇರೆ ದಾರಿಯೇ ಇಲ್ಲದೆ ಸಹಿ ಹಾಕಿದ ಏಕಪಕ್ಷೀಯ ಷರತ್ತುಗಳು ಖರೀದಿದಾರರನ್ನು ಕಟ್ಟಿಹಾಕಲಾರವು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಫ್ಲ್ಯಾಟ್ ಖರೀದಿಯ ಪ್ರಕರಣವೊಂದರಲ್ಲಿ ಹೇಳಿತ್ತು. ಗ್ರಾಹಕರಿಗೆ ಆದ ಮಾನಸಿಕ ಕಿರುಕುಳವೂ ಪರಿಹಾರದ ವ್ಯಾಪ್ತಿಯಲ್ಲಿ ಬರುತ್ತದೆ ಎಂದು 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತ್ತು. ಎರಡನ್ನೂ ನನ್ನ ಹೇಳಿಕೆಯಲ್ಲಿ ಸೇರಿಸಿದೆ.

ವಾದ ಬೆಳೆಯುವ ಮೊದಲೇ ರಾಜಿಗೆ ಅವಕಾಶವಿದೆಯೇ ಎಂದು ಆಯೋಗ ಕೇಳಿತು. ಕಾಯ್ದೆಯಲ್ಲೇ ಮಧ್ಯಸ್ಥಿಕೆಗೆ ದಾರಿ ಇದೆ. ಎದುರು ಕುಳಿತ ಕಂಪನಿಯ ವಕೀಲರು ನನ್ನ ಹಾಳೆಯನ್ನು ಎರಡು ಸಲ ಓದಿದರು. ಸೂಟ್‌ಕೇಸು, ಸೀರೆ ಏಕಿಲ್ಲ ಎಂದು ಅವರೇ ಕೇಳಿದಾಗ ನಗು ಬಂತು. ಕೊನೆಗೆ ಟಿಕೆಟ್ ಹಣ ಪೂರ್ತಿ, ಪ್ರಯಾಣದ ಖರ್ಚು 10,230 ಪೂರ್ತಿ, ಉಳಿದ ಎಲ್ಲಕ್ಕೂ ಸೇರಿ 15,000. ಒಟ್ಟು 1,03,830 ರೂಪಾಯಿ. ಎಂಟು ತಿಂಗಳ ಬಡ್ಡಿ ಸುಮಾರು 4,700 ಎಂದು ತೆಗೆದರೆ ಅವ್ವನ ನಿರಾಶೆಗೆ ಬಂದದ್ದು ಹತ್ತು ಸಾವಿರದಷ್ಟು. ನಾನು ಕೇಳಿದ್ದರ ಅರ್ಧ. ಹೋರಾಡಿದ್ದರೆ ಇನ್ನಷ್ಟು ಸಿಗುತ್ತಿತ್ತೇನೋ, ಇನ್ನೂ ತಡವೂ ಆಗುತ್ತಿತ್ತು. ಒಪ್ಪಿ ಸಹಿ ಹಾಕಿದೆ.

ಗೆದ್ದೆ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನನಗೆ ಕಾನೂನು ಕಲಿಸಿದ ಮೇಡಂ ಊರಲ್ಲೇ ಇದ್ದರು. ಅಪ್ಪನ ಹತ್ತಿರ ಝೆರಾಕ್ಸ್ ಯಂತ್ರ ಇತ್ತು. ಕೆಲಸ ಇಲ್ಲದ ನನ್ನ ಹತ್ತಿರ ಸಮಯ ಇತ್ತು. ಈ ಮೂರೂ ಇಲ್ಲದವರು ಏನು ಮಾಡಬೇಕು? ಅದೇ ಹಡಗಿಗೆ ಟಿಕೆಟ್ ಮಾಡಿಸಿದ್ದ ಎಷ್ಟೋ ಜನ ವೋಚರನ್ನೇ ಒಪ್ಪಿ ಸುಮ್ಮನಾಗಿರಬೇಕು. ಸೇವೆ ಕೊಟ್ಟು ಅದು ಕೆಟ್ಟದ್ದಾದರೆ ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದಲ್ಲಿ ಹಣ ಮರಳಿಸದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಹೇಳುತ್ತದೆ. ಆದರೆ ಒಬ್ಬೊಬ್ಬರೂ ದೂರು ಕೊಟ್ಟರೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಆದ್ದರಿಂದ ಹಡಗು ಪ್ರವಾಸಕ್ಕೂ ರೈಲಿನಂತೆ ನೇರ ನಿಯಮ ಬೇಕು: ಪ್ರಯಾಣ ರದ್ದು ಮಾಡಿದವರು ಗೊತ್ತಾದ ದಿನದೊಳಗೆ, ಹಣ ಬಂದ ಖಾತೆಗೇ, ಕೇಳಿಸಿಕೊಳ್ಳದೆ ಮರಳಿಸಬೇಕು. ವೋಚರ್ ಬೇಕೆನ್ನುವವರಿಗೆ ಮಾತ್ರ ವೋಚರ್.

ಆ ನಿಯಮ ಬರುವವರೆಗೆ ನಮ್ಮ ಕೈಯಲ್ಲಿರುವುದು ಲೆಕ್ಕ ಇಡುವುದು. ರಸೀದಿ ಎಸೆಯಬೇಡಿ. ಫೋನಿನಲ್ಲಿ ಆಡಿದ ಮಾತನ್ನು ಅವತ್ತೇ ಇಮೇಲಿನಲ್ಲಿ ಬರೆದು ಕಳಿಸಿ. ‘ಪೂರ್ಣ ಮತ್ತು ಅಂತಿಮ’ ಎಂದು ಬರೆದ ಯಾವುದನ್ನೂ ಓದದೆ ಒಪ್ಪಬೇಡಿ. ಕೇಳುವಾಗ ಕಡಿಮೆ ಕೇಳಿ ನಿಮ್ಮನ್ನು ನೀವೇ ಸಣ್ಣವರಾಗಿಸಿಕೊಳ್ಳಬೇಡಿ. ಹೆಚ್ಚು ಕೇಳಿ ನಿಮ್ಮ ಮಾತಿನ ತೂಕ ಕಳೆದುಕೊಳ್ಳಬೇಡಿ.

ಬಂದ ಹಣದಲ್ಲಿ ಕೋಚಿಂಗ್ ಫೀಸು ಕಟ್ಟಿದ್ದೇನೆ. ‘ಮೊದಲು ಪರೀಕ್ಷಾ ಬರೀ, ಹಡಗು ಎಲ್ಲಿ ಓಡಿ ಹೋಗತೈತಿ?’ ಎಂದಳು ಅವ್ವ. ಉಳಿದದ್ದು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಮೊನ್ನೆ ಅಂಗಡಿಗೆ ಹೋದಾಗ ಒಬ್ಬ ಹುಡುಗ ಪಿ.ಜಿ. ಮಾಲೀಕರು ಡಿಪಾಸಿಟ್ ಕೊಡುತ್ತಿಲ್ಲವೆಂದು ಗೆಳೆಯನ ಹತ್ತಿರ ಗೊಣಗುತ್ತಿದ್ದ. ಪ್ರತಿ ತೆಗೆಯುತ್ತಿದ್ದ ಅಪ್ಪ ತಲೆ ಎತ್ತಿ ಕೇಳಿದರು: ‘ರಸೀದಿ ಇಟ್ಟೀ ಏನಪಾ?’